ತಟ್ಟೆಯಲ್ಲಿ ಕೈ ತೊಳೆದ ಸಾಕ್ಷಿ

ಹಾಲೇಶ ತಟ್ಟೆಯಲ್ಲೇ ಕೈ ತೊಳೆದುಬಿಟ್ಟ!

ಒಂದು ತುತ್ತು ಅನ್ನ, ಅರ್ಧ ಹೋಳಿಗೆ, ಪಲ್ಯ ಎಲ್ಲ ಹಾಗೇ ಬಿಟ್ಟು, ಲೋಟದ ನೀರನ್ನು ಬಲಗೈ ಮೇಲೆ ಸುರಿದುಕೊಂಡು, ಬೆರಳುಗಳನ್ನು ತಟ್ಟೆಯೊಳಗೇ ಝಾಡಿಸಿ, ಆರಾಮಾಗಿ ತೇಗಿದ. ಎದುರಿಗೆ ಕೂತಿದ್ದ ಪ್ರಿಯದರ್ಶಿನಿ ಹೋಳಿಗೆ ಅಗಿಯುವುದನ್ನೇ ನಿಲ್ಲಿಸಿದಳು.

ಅಯ್ಯೋ ಪುಣ್ಯಾತ್ಮ, ಎಂದುಕೊಂಡಳು. ಸಿಕ್ಕಿಬಿದ್ದೆಯಲ್ಲೋ ಮಾರಾಯ!

ಹಾಲೇಶನ ಪಕ್ಕದಲ್ಲಿದ್ದ ಓಂಕಾರಪ್ಪನವರೂ ನೋಡಿದರು. ಹಣೆ ತುಂಬ ವಿಭೂತಿ, ಬಿಳೀ ಅಂಗಿ, ಅರವತ್ತರ ಆಸುಪಾಸಿನ ಶಾಂತ ಮುಖ. ಆ ಮುಖ ಒಮ್ಮೆ ಸುಣ್ಣದ ಗೋಡೆಯಾಯಿತು. ಮರುಕ್ಷಣವೇ ಹಾಲೇಶನ ತಟ್ಟೆಯನ್ನು ತಾವೇ ಎತ್ತಿಕೊಂಡು ಅಡಿಗೆಮನೆ ಕಡೆ ಹೊರಟೇಬಿಟ್ಟರು.

"ಅಯ್ಯೋ, ನೀವ್ಯಾಕೆ ಎತ್ತುತ್ತೀರಿ!" ಅಂತ ಮನೆಯ ಸೊಸೆ ರಶ್ಮಿ ಹಿಂದೆ ಓಡಿದಳು.

ಶಿವಮೊಗ್ಗದ ಹೊಸಮನೆ ಬಡಾವಣೆಯ ಆ ಮನೆಯಲ್ಲಿ ಅಂದು ಊಟಕ್ಕೆ ಕೂತವರೆಲ್ಲ ಒಂದೇ ವಿಷಯಕ್ಕೆ ಸೇರಿದ್ದರು. ರಶ್ಮಿಯ ಮಗ ಜ್ಞಾನೇಶ, ಹದಿನೇಳರ ಹುಡುಗ, ಅವನ ಕಾಲೇಜು ಬ್ಯಾಗಿನಲ್ಲಿ ಗಾಂಜಾ ಪೊಟ್ಟಣ ಸಿಕ್ಕಿ ಮನೆ ಅಲ್ಲೋಲಕಲ್ಲೋಲವಾಗಿತ್ತು. ಬೆಳಗಾದರೆ ಅವನನ್ನು ಭದ್ರಾವತಿಯ ಶರಣಜ್ಯೋತಿ ನವಜೀವನ ಆಶ್ರಮಕ್ಕೆ ಸೇರಿಸುವುದೆಂದು ತಾತ ವೀರಪ್ಪ ಮಾತು ಕೊಟ್ಟಾಗಿತ್ತು. ಪೂಜೆ, ವಚನ, ದಾಸೋಹದ ಕೆಲಸ, ಅದರಿಂದಲೇ ಹುಡುಗರನ್ನು ದಾರಿಗೆ ತರುವ ಆಶ್ರಮ. ಓಂಕಾರಪ್ಪ ಅದರ ಸಂಚಾಲಕರು. ಹಾಲೇಶ ಅಲ್ಲಿ ಒಂದು ವರ್ಷ ಇದ್ದು ಉದ್ಧಾರವಾದವನು, ಹಾಗಂತ ಹೇಳಿಕೊಂಡು ಬಂದಿದ್ದ ಸಾಕ್ಷಿ.

ಪ್ರಿಯದರ್ಶಿನಿ? ಅವಳು ರಶ್ಮಿಯ ದೊಡ್ಡಮ್ಮನ ಮಗಳು. ಇದೂ ಹಾಗಂತ ಹೇಳಿಕೊಂಡಿದ್ದು ಅಷ್ಟೇ!

ನಿಜವಾಗಿ ಅವಳು ಗಂಡುಗಳ ವಿಚಾರಣೆ ಮಾಡುವವಳು. ಶಿವಮೊಗ್ಗ ಸೀಮೆಯಲ್ಲಿ ಹೆಣ್ಣು ಕೊಡುವ ಮುಂಚೆ ಗಂಡಿನ ಮನೆ ಹೇಗೆ, ಹುಡುಗ ಕುಡಿಯುತ್ತಾನಾ, ಅತ್ತೆ ಬಾಯಿಬಡಕಿಯಾ ಅಂತ ಗುಟ್ಟಾಗಿ ತಿಳಿದು ಹೇಳುವುದು ಅವಳ ಕಸುಬು. ಬೇಕರಿಯ ಮೇಲಿನ ಪುಟ್ಟ ಆಫೀಸು, ಒಂದು ಹಳೇ ಸ್ಕೂಟಿ, ಊರಿಗೇ ಕೇಳುವ ನಗು. "ಮಗಳನ್ನ ಕೊಡೋಕೆ ಇಷ್ಟು ವಿಚಾರಿಸ್ತೀವಿ. ಮಗನ್ನ ಕೊಡೋಕೆ ವಿಚಾರಿಸಬಾರದಾ ಪ್ರಿಯಕ್ಕ?" ಅಂತ ರಶ್ಮಿ ಕಣ್ಣಲ್ಲಿ ನೀರು ತುಂಬಿಕೊಂಡು ಕೇಳಿದಾಗ ಇವಳ ಎದೆ ಚುರುಕ್ ಅಂದಿತ್ತು. ಒಪ್ಪಿಕೊಂಡುಬಿಟ್ಟಳು.

ಈಗ ನೋಡಿ, ಮೊದಲ ಊಟದಲ್ಲೇ ಎಳೆ ಸಿಕ್ಕಿತ್ತು.

ವೀರಪ್ಪನವರು ಮೊಸರನ್ನ ಮುಗಿಸಿ, ತಟ್ಟೆಗೆ ಎರಡು ಗುಟುಕು ನೀರು ಹಾಕಿ, ಬೆರಳಲ್ಲಿ ಸುತ್ತ ಬಳಿದು, ಎತ್ತಿ ಕುಡಿದರು. ಒಂದು ಅಗುಳೂ ಉಳಿಯಲಿಲ್ಲ. ಅವರ ಮನೆತನದಲ್ಲಿ ತಟ್ಟೆಯಲ್ಲಿರುವುದು ಅನ್ನ ಅಲ್ಲ, ಪ್ರಸಾದ. ದಾಸೋಹ ನಡೆಸುವ ಯಾವ ಜಾಗದಲ್ಲಾದರೂ ಹೊಸಬರಿಗೆ ಮೊದಲ ದಿನವೇ ಇದನ್ನು ಕಲಿಸುತ್ತಾರೆ. ಕಲಿಯದಿದ್ದರೆ ಪಕ್ಕದವನು ಮೊಣಕೈಯಲ್ಲಿ ತಿವಿದು ಕಲಿಸುತ್ತಾನೆ. ವರ್ಷವೆಲ್ಲ ದಾಸೋಹದ ಸಾಲಿನಲ್ಲಿ ಉಂಡವನು ಎಂಜಲು ಬಿಟ್ಟು ತಟ್ಟೆಯಲ್ಲಿ ಕೈ ತೊಳೆಯುತ್ತಾನೆಯೇ? ಸಾಧ್ಯವೇ ಇಲ್ಲ.

"ಏನಮ್ಮ, ಹೋಳಿಗೆ ಸರಿಯಾಗಿಲ್ವಾ? ಮುಖ ಯಾಕೆ ಹಾಗೆ?" ವೀರಪ್ಪ ಕೇಳಿದರು.

"ಜಾಸ್ತಿ ಸರಿಯಾಗಿದೆ ಮಾಮ. ಅದಕ್ಕೇ." ಪ್ರಿಯದರ್ಶಿನಿ ಇನ್ನೊಂದು ಹಾಕಿಸಿಕೊಂಡಳು. "ಅಲ್ಲ, ಜಿಲ್ಲೇಲಿ ಇಷ್ಟು ಕೇಂದ್ರ ಇದಾವೆ. ಇದೇ ಆಶ್ರಮ ಯಾಕೆ?"

"ನಾನು ಹೇಳಿದೀನಿ. ಅದಕ್ಕೆ."

"ನಿಮಗೆ ಗೊತ್ತಿರೋರು ಯಾರಾದ್ರೂ..."

"ತಂಗೀ, ಊಟ ಮಾಡು." ವೀರಪ್ಪ ಎದ್ದೇ ಹೋದರು.

ರಶ್ಮಿಯ ಗಂಡ ವೀರೇಂದ್ರ ಆ ದಿನ ಊಟಕ್ಕೂ ಬಂದಿರಲಿಲ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ ಮಾಲು ಬಂದಿದೆಯಂತೆ. ಮಗನ ಮಾತು ಬಂದಾಗಲೆಲ್ಲ ಆ ಮನುಷ್ಯನಿಗೆ ಮಾಲು ಬರುತ್ತಿತ್ತು.

ಓಂಕಾರಪ್ಪ, ಹಾಲೇಶ ಇಬ್ಬರೂ ಕೈಮುಗಿದು ಹೊರಟ ಮೇಲೆ ಪ್ರಿಯದರ್ಶಿನಿ ರಶ್ಮಿಯ ಕಿವಿಯಲ್ಲಿ ಉಸುರಿದಳು.

"ಕಾರು ತೆಗಿ. ಗಂಡಿನ ಮನೆಗೆ ಹೇಳದೆ ಕೇಳದೆ ಹೋಗ್ಬೇಕು. ಹೇಳಿ ಹೋದ್ರೆ ಬಾಗಿಲಿಗೆ ತೋರಣ ಕಟ್ಟಿರ್ತಾರೆ."

"ನಾನೂ ಬರ್ತೀನಿ," ಅಂದ ಜ್ಞಾನೇಶ, ಬಾಗಿಲಲ್ಲಿ ನಿಂತು. "ನನ್ನ ಜೈಲು, ನಾನು ನೋಡ್ಬಾರ್ದಾ?"

ಎತ್ತರದ ಹುಡುಗ, ಕಣ್ಣಿನ ಮೇಲೆ ಬೀಳುವ ಕೂದಲು. ಕಾಲೇಜಿಗೆ ಚಕ್ಕರ್, ಇಂಟರ್ನಲ್ಸ್‌ನಲ್ಲಿ ಲಾಗ, ಲೆಕ್ಚರರ್ ಜೊತೆ ಜಗಳ, ಎಲ್ಲ ಅವನ ಖಾತೆಯಲ್ಲಿತ್ತು. ಪೊಟ್ಟಣದ ಬಗ್ಗೆ ಕೇಳಿದರೆ ಮಾತ್ರ ಭುಜ ಕುಣಿಸಿ ಸುಮ್ಮನಾಗುತ್ತಿದ್ದ. ಹೌದು ಅನ್ನಲ್ಲ, ಅಲ್ಲ ಅನ್ನಲ್ಲ.

ದಾರಿಯುದ್ದಕ್ಕೂ ಅವನದೇ ಕಾಮೆಂಟರಿ. ಸೋಗಾನೆಯ ವಿಮಾನ ನಿಲ್ದಾಣದ ಕಡೆಗೆ ವಿಮಾನವೊಂದು ಇಳಿಯುತ್ತಿತ್ತು. "ನೋಡಿ ಆಂಟಿ, ಜನ ಊರಿಗೆ ಹಾರಿ ಬರ್ತಿದಾರೆ. ನನ್ನನ್ನ ಮಾತ್ರ ಕಾರಲ್ಲಿ ತಗೊಂಡೋಗಿ ಎಸೀತಿದೀರಿ."

"ಎಸೆಯೋಕೆ ಮುಂಚೆ ಜಾಗ ನೋಡ್ತಿದೀವಲ್ಲೋ, ಖುಷಿಪಡು."

"ನಾನು ದೇವರನ್ನ ನಂಬಲ್ಲ."

"ಅವನಿಗೆ ಬೇಜಾರಿಲ್ಲ ಬಿಡು. ಆದ್ರೂ ಬೆಳಗ್ಗೆ ಐದಕ್ಕೆ ಏಳಿಸ್ತಾನೆ."

ರಶ್ಮಿಗೂ ನಗು ಬಂತು. ಎಷ್ಟೋ ದಿನದ ಮೇಲೆ ನಕ್ಕಿದ್ದು ಅಂತ ಅವಳ ಮುಖ ನೋಡಿದರೇ ತಿಳಿಯುತ್ತಿತ್ತು. ಹುಡುಗ ಅಮ್ಮನನ್ನು ಓರೆಗಣ್ಣಿನಲ್ಲಿ ನೋಡಿ, ಇನ್ನೂ ಎರಡು ಜೋಕು ಹೊಡೆದ. ಇವನು ಕೆಟ್ಟವನಲ್ಲ, ಪ್ರಿಯದರ್ಶಿನಿಗೆ ಅನ್ನಿಸಿತು. ಆದರೆ ಗಂಡು ನೋಡುವವಳಿಗೆ ಅನಿಸಿಕೆ ಎಲ್ಲ ನಡೆಯುವುದಿಲ್ಲ, ವಿಚಾರಣೆ ನಡೆಯಬೇಕು.

ಭದ್ರಾವತಿಯ ಕಾಗದನಗರ ದಾಟಿ, ಸಾಲು ಕ್ವಾರ್ಟರ್ಸ್‌ಗಳು ಮುಗಿಯುವಲ್ಲಿ ಆಶ್ರಮದ ಕಾಂಪೌಂಡು. ಪ್ರಿಯದರ್ಶಿನಿ ಗೇಟಿಗೆ ಹೋಗಲಿಲ್ಲ. ಗೋಡೆಯ ಎದುರಿನ ಪೆಟ್ಟಿಗೆ ಅಂಗಡಿಗೆ ಹೋದಳು. ಗಂಡಿನ ಮನೆಯ ಗುಟ್ಟು ಗಂಡಿನ ಮನೆಯಲ್ಲಿ ಸಿಗುವುದಿಲ್ಲ, ಎದುರಿನ ಅಂಗಡಿಯಲ್ಲಿ ಸಿಗುತ್ತದೆ.

ಅಂಗಡಿಯವಳು ಮಾಸ್ತಮ್ಮ, ಹೋದ ವರ್ಷ ಇನ್ನೊಂದು ಗಂಡಿನ ವಿಚಾರಣೆಯಲ್ಲಿ ಪರಿಚಯವಾದವಳು. ಬಾಯಲ್ಲಿ ಎಲೆಯಡಿಕೆ, ಕೈಯಲ್ಲಿ ಬೀಸಣಿಗೆ.

"ಈ ಆಶ್ರಮದ ಹುಡುಗ್ರು ಹೆಂಗಮ್ಮ?"

"ಅಯ್ಯೋ, ಕೋತಿಗಳು! ಗೋಡೆ ಹಾರಿ ಬರ್ತವೆ ತಾಯಿ."

ರಶ್ಮಿ ಗಾಬರಿಯಾದಳು. "ಗೋಡೆ ಹಾರ್ತಾರಾ? ಓಡಿಹೋಗೋಕಾ?"

"ಓಡಿಹೋಗೋಕಲ್ಲಮ್ಮ, ಕಡ್ಲೆ ಮಿಠಾಯಿಗೆ. ತಗೊಂಡು, ತಿಂದು, ಬಾಯಿ ಒರೆಸ್ಕೊಂಡು ಮತ್ತೆ ಗೋಡೆ ಹಾರಿ ಒಳಗೆ ಹೋಗ್ತವೆ. ಗೇಟು ತೆಗೆದಿದ್ರೂ ಗೋಡೇನೇ ಬೇಕು ಅವಕ್ಕೆ."

ಪ್ರಿಯದರ್ಶಿನಿಯ ಕಣ್ಣು ಅರಳಿತು. ಹೊಡೆದು ಬಡಿದು ಕೂಡಿಹಾಕುವ ಜಾಗದಿಂದ ಹೊರಗೆ ಹಾರಿದ ಹುಡುಗ ಒಳಗೆ ಯಾಕೆ ಹಾರುತ್ತಾನೆ? ಹತ್ತು ಪ್ರಮಾಣಪತ್ರಕ್ಕಿಂತ ಈ ಕಡ್ಲೆ ಮಿಠಾಯಿ ಸುದ್ದಿ ಗಟ್ಟಿ. ಆಶ್ರಮ ಸುಳ್ಳಲ್ಲ ಹಾಗಾದರೆ. ಸಾಕ್ಷಿ ಮಾತ್ರ ಸುಳ್ಳು. ಒಳ್ಳೆಯ ಜಾಗಕ್ಕೆ ಸುಳ್ಳು ಸಾಕ್ಷಿ ಯಾಕೆ ಬೇಕಾಯಿತು?

ಊಟದ ಹೊತ್ತಲ್ಲಿ ಗುಟ್ಟಾಗಿ ತೆಗೆದ ಹಾಲೇಶನ ಫೋಟೋ ತೋರಿಸಿದಳು. "ಇವನು ಗೊತ್ತಾ?"

"ಇವನ್ಯಾಕೆ ಗೊತ್ತಿಲ್ಲ! ಆರ್ಕೆಸ್ಟ್ರಾ ಹಾಲೇಶ. ಗಣಪತಿ ಹಬ್ಬದಲ್ಲಿ ಮೈಕ್ ಹಿಡಿದ್ರೆ ಬಿಡಲ್ಲ ನನ್ಮಗ. ಬಾಳ ಒಳ್ಳೆ ಹುಡುಗ, ಬೀಡಿನೂ ಸೇದಲ್ಲ."

"ಅಂದ್ರೆ ಬಿಡಿಸೋಕೆ ಚಟಾನೇ ಇರ್ಲಿಲ್ಲ ಅನ್ನು!" ಜ್ಞಾನೇಶ ಹೊಟ್ಟೆ ಹಿಡಿದುಕೊಂಡು ನಕ್ಕ.

ಒಳಗೆ ಹೋದಾಗ ಹುಡುಗರು ಸಾಲಾಗಿ ಕೂತು ಉಪ್ಪಿಟ್ಟು ತಿನ್ನುತ್ತಿದ್ದರು. ತಿಂದು ಮುಗಿದವರು ತಟ್ಟೆಗೆ ನೀರು ಹಾಕಿ, ಬಳಿದು, ಕುಡಿದು ಎದ್ದರು. ಒಬ್ಬನಿಗೂ ಹೇಳಬೇಕಾಗಲಿಲ್ಲ. ಆಚೆ ಅಂಗಳದಲ್ಲಿ ವಾಲಿಬಾಲ್ ನೆಟ್ಟು. ಗೋಡೆಗೆ ಡಾಕ್ಟರು ಬರುವ ವಾರಗಳ ಬೋರ್ಡು. ಫೋನಿನ ಹತ್ತಿರ ಒಬ್ಬ ಹುಡುಗ ಅಮ್ಮನ ಜೊತೆ ಮಾತಾಡುತ್ತಾ, "ಕಾರ ಮಂಡಕ್ಕಿ ತಗೊಂಬಾ, ಮರೀಬೇಡ," ಅಂತ ಜಬರ್ದಸ್ತು ಮಾಡುತ್ತಿದ್ದ.

ಆಫೀಸಿನಲ್ಲಿ ಓಂಕಾರಪ್ಪ ಇವರನ್ನು ಕಂಡು ಎದ್ದುನಿಂತರು. ಮೂಲೆಯಲ್ಲಿ ಹಾಲೇಶ ಟೀ ಕುಡಿಯುತ್ತಿದ್ದ.

"ಬನ್ನಿ ಬನ್ನಿ. ಹೇಳಿದ್ರೆ ಕಾರು ಕಳಿಸ್ತಿದ್ದೆ..."

"ಇವರು ಇಲ್ಲಿ ಒಂದು ವರ್ಷ ಇದ್ರು ಅಂದ್ರಲ್ಲ ಓಂಕಾರಪ್ಪನೋರೆ?" ಪ್ರಿಯದರ್ಶಿನಿ ಕೂರಲೂ ಇಲ್ಲ.

"ಹೌದು ತಂಗೀ."

"ಇಲ್ಲೇ ಉಣ್ತಿದ್ರು?"

"ಮತ್ತೆ?"

"ಹಾಗಿದ್ರೆ ಮಧ್ಯಾಹ್ನ ಪ್ರಸಾದದ ತಟ್ಟೇಲಿ ಕೈ ಯಾಕೆ ತೊಳೆದ್ರು?"

ಓಂಕಾರಪ್ಪ ಹೆಗಲ ಮೇಲಿನ ಟವೆಲ್ಲು ಸರಿಮಾಡಿಕೊಂಡರು, ಮತ್ತೆ ಸರಿಮಾಡಿಕೊಂಡರು.

ಮೊದಲು ಬಾಯಿಬಿಟ್ಟವನು ಹಾಲೇಶ.

"ನಾನು ಹೇಳ್ಲಿಲ್ವಾ ಸಾರ್? ಡೈಲಾಗ್ ಎಲ್ಲ ಕೊಟ್ರಿ. ಊಟದ ಸೀನು ರಿಹರ್ಸಲ್ ಮಾಡಿಸ್ಲೇ ಇಲ್ಲ!"

ಜ್ಞಾನೇಶ ಕಿಸಕ್ಕೆಂದ. ರಶ್ಮಿಗೆ ಮಾತ್ರ ಸಿಟ್ಟು ನೆತ್ತಿಗೇರಿತ್ತು. "ನಾಚಿಕೆ ಆಗಲ್ವಾ ನಿಮಗೆ? ವಿಭೂತಿ ಹಚ್ಕೊಂಡು ಸುಳ್ಳು! ನನ್ನ ಮಗನ್ನ ನಿಮ್ಮ ಕೈಗೆ ಕೊಡೋಕೆ ಬಂದವಳು ನಾನು!"

"ಆಗುತ್ತಮ್ಮ, ನಾಚಿಕೆ ಆಗುತ್ತೆ." ಓಂಕಾರಪ್ಪ ಕುರ್ಚಿಯಲ್ಲಿ ಕುಸಿದರು. "ಗುಣವಾಗಿ ಹೋದ ಒಬ್ಬರನ್ನ ತೋರಿಸಿ, ಆಮೇಲೆ ಸೇರಿಸ್ತೀನಿ ಅಂತ ನೀವು ಹಟ ಹಿಡಿದ್ರಿ. ಸರಿಯಾದ ಮಾತೇ. ನಮ್ಮಲ್ಲಿ ಗುಣವಾದೋರು ಬೇಕಾದಷ್ಟಿದಾರೆ. ಮೇಷ್ಟ್ರು ಇದಾರೆ, ವಕೀಲ್ರು ಇದಾರೆ, ಬಸ್ಸಿನ ಮಾಲೀಕ್ರು ಇದಾರೆ. ಒಬ್ಬರಾದ್ರೂ ಬಂದು ಬಾಯಿಬಿಡ್ತಾರಾ ಕೇಳಿ? ಊಹ್ಞೂಂ. ದಾರೀಲಿ ಸಿಕ್ಕಿದ್ರೆ ನನ್ನ ಗುರುತೇ ಇಲ್ಲ ಅನ್ನೋ ಹಾಗೆ ಹೋಗ್ತಾರೆ."

"ಯಾಕಂತೆ?" ರಶ್ಮಿ ಕೇಳಿದಳು.

"ಯಾಕಂದ್ರೆ ಹೆಣ್ಣು ಕೊಡೋರು ವಿಚಾರಿಸ್ತಾರಲ್ಲ! ಆಶ್ರಮದಲ್ಲಿದ್ದ ಅಂತ ಗೊತ್ತಾದ್ರೆ ಸಂಬಂಧ ಮುರೀತು. ತನ್ನ ಮದುವೆ ಆದ್ರೆ ತಮ್ಮಂದು, ತಮ್ಮಂದು ಆದ್ರೆ ಮಗಂದು." ಓಂಕಾರಪ್ಪ ಪ್ರಿಯದರ್ಶಿನಿಯ ಕಡೆ ತಿರುಗಿದರು. "ನೀವು ಇವರ ದೊಡ್ಡಮ್ಮನ ಮಗಳಲ್ಲ ಅಂತ ನಂಗೂ ಗೊತ್ತು ಬಿಡಿ. ಹೋದ ವರ್ಷ ನಮ್ಮ ಹುಡುಗನೊಬ್ಬನ ವಿಚಾರಣೆಗೆ ಇದೇ ಮಾಸ್ತಮ್ಮನ ಅಂಗಡಿಗೆ ಬಂದಿದ್ರಿ. ನಾನು ಗೋಡೆ ಹಿಂದೆ ಬಗ್ಗಿ ಕೂತಿದ್ದೆ, ಎಲ್ಲಿ ನಿಮ್ಮ ಕಣ್ಣಿಗೆ ಬಿದ್ದು ಅವನ ಸಂಬಂಧ ಮುರಿಯುತ್ತೋ ಅಂತ."

ಹಿಡಿಯಲು ಬಂದವಳೇ ಸಿಕ್ಕಿಬಿದ್ದಿದ್ದಳು! ಪ್ರಿಯದರ್ಶಿನಿಯ ಆ ದೊಡ್ಡ ನಗು ಹೊರಟಿತು ನೋಡಿ, ಅಂಗಳದ ಹುಡುಗರೆಲ್ಲ ಕಿಟಕಿಗೆ ಬಂದರು. ಓಂಕಾರಪ್ಪನವರೂ ನಕ್ಕರು. ಹಾಲೇಶ ಅಂತೂ ಟೀ ಚೆಲ್ಲಿಕೊಂಡ.

"ಇಬ್ಬರೂ ವೇಷದೋರೇ ಆದ್ವಿ ಬಿಡಿ," ಅಂದಳು ಕಣ್ಣೊರೆಸಿಕೊಂಡು. "ಆದ್ರೆ ನಗು ನಗು, ಕೆಲಸ ಕೆಲಸ. ಡಾಕ್ಟ್ರು ಬರೋದು ನಿಜಾನಾ, ಬೋರ್ಡಿಗೆ ಮಾತ್ರಾನಾ?"

"ಕೇಳಿ ಹುಡುಗ್ರನ್ನೇ."

"ಪೂಜೆಗೆ ಕೂರಲ್ಲ ಅಂದ್ರೆ ಹೊಡೀತೀರಾ?"

"ಕೂರದೋರು ಆ ಹೊತ್ತಲ್ಲಿ ರೊಟ್ಟಿ ತಟ್ಟಬೇಕು. ಎರಡು ದಿನ ತಟ್ಟಿದ್ರೆ ಪೂಜೇನೇ ವಾಸಿ ಅಂತಾರೆ."

"ರೊಟ್ಟಿ ಓಕೆ," ಅಂದ ಜ್ಞಾನೇಶ, ಯಾರೂ ಕೇಳದಿದ್ದರೂ.

ರಶ್ಮಿ ನಗಲಿಲ್ಲ. ಕುರ್ಚಿಯ ಅಂಚಿನಲ್ಲಿ ಕೂತು, ಎರಡೂ ಕೈ ಬಿಗಿಯಾಗಿ ಹಿಡಿದುಕೊಂಡಿದ್ದಳು.

"ನಂಗೆ ಒಬ್ಬರು ಬೇಕು. ನಿಜವಾದವರು. ಒಬ್ಬರೇ ಸಾಕು. ಅವರ ಹೆಸರು ನಾನು ಸಾಯೋವರೆಗೂ ಯಾರಿಗೂ ಹೇಳಲ್ಲ. ಇಲ್ಲಿದ್ದೆ, ಬದುಕಿದೆ ಅಂತ ನನ್ನ ಮುಖ ನೋಡಿ ಹೇಳ್ಲಿ. ಬೆಳಗ್ಗೆ ನಾನೇ ಕೈಹಿಡಿದು ಕರ್ಕೊಂಡು ಬರ್ತೀನಿ ಇವನನ್ನ. ಇಲ್ಲಾ ಅಂದ್ರೆ ಮಾವನೋರು ಮಾತು ಕೊಟ್ಟಿರ್ಲಿ, ಆಕಾಶ ಕಳಚಿ ಬೀಳ್ಲಿ, ಕಳಿಸಲ್ಲ."

ಓಂಕಾರಪ್ಪ ಫೋನು ಹಿಡಿದು ಅಂಗಳಕ್ಕೆ ಹೋದರು. ಕಿಟಕಿಯಿಂದ ಕಾಣುತ್ತಿತ್ತು: ಒಂದು ಕೈಯಲ್ಲಿ ಫೋನು, ಇನ್ನೊಂದು ಕೈ ಗಾಳಿಯಲ್ಲಿ. ಬೇಡುತ್ತಿದ್ದರು. ಬೈದರು. ಮತ್ತೆ ಬೇಡಿದರು. ವಾಪಸ್ ಬಂದಾಗ ಮುಖ ಗೆಲುವಾಗಿತ್ತು.

"ಬರ್ತಾನಂತೆ. ಅವನಾಗೇ ಒಪ್ಪಿದಾನೆ, ನಾನು ಬಲವಂತ ಮಾಡಿಲ್ಲ."

"ಯಾರು?" ಪ್ರಿಯದರ್ಶಿನಿ ಕೇಳಿದಳು.

"ಬರ್ಲಿ. ಅವನೇ ಹೇಳ್ಕೊಳ್ಳಲಿ."

ಕಾಯುವ ಹೊತ್ತು ಕೆಟ್ಟದಾಗೇನೂ ಕಳೆಯಲಿಲ್ಲ. ಜ್ಞಾನೇಶನನ್ನು ಹುಡುಗರು ವಾಲಿಬಾಲಿಗೆ ಎಳೆದುಕೊಂಡು ಹೋದರು. ಮೊದಲು ಜಂಬ ಮಾಡಿದ. ಆಮೇಲೆ ಚಪ್ಪಲಿ ಬಿಟ್ಟ. ಆಮೇಲೆ ಪಾಯಿಂಟಿಗೆ ಜಗಳಕ್ಕೇ ನಿಂತ. ಹಾಲೇಶ ಮೈಕಿಲ್ಲದೆಯೇ ಮ್ಯಾಚಿನ ವಿವರಣೆ ಶುರುಮಾಡಿದ್ದ. ಜಗಲಿಯಲ್ಲಿ ಕೂತ ರಶ್ಮಿಯ ಕೈಗಳ ಬಿಗಿ ಸಡಿಲವಾಗಿತ್ತು.

"ಸಣ್ಣೋನಿದ್ದಾಗ ಹಿಂಗೇ ಆಡ್ತಿದ್ದ ಪ್ರಿಯಕ್ಕ. ಇಲ್ಲಿದ್ರೆ ಉಳ್ಕೋತಾನೆ ಅನ್ಸುತ್ತೆ."

ಪ್ರಿಯದರ್ಶಿನಿಗೂ ಹಾಗೇ ಅನ್ನಿಸಿತ್ತು. ಗಂಡಿನ ಮನೆ ಪಾಸು, ಅಂತ ಹೇಳಲು ಬಾಯಿ ತೆರೆದಿದ್ದಳು. ಅಷ್ಟರಲ್ಲಿ ಗೇಟಿನಲ್ಲಿ ಬೈಕು ನಿಂತಿತು.

ಇಳಿದವನು ಹೆಲ್ಮೆಟ್ಟು ತೆಗೆದ. ವೀರೇಂದ್ರ.

"ಅಯ್ಯೋ, ನೀವ್ಯಾಕೆ ಬಂದ್ರಿ?" ರಶ್ಮಿ ಎದ್ದಳು. "ಮಾವನೋರು ಕಳಿಸಿದ್ರಾ? ಸ್ವಲ್ಪ ಇರಿ, ಇಲ್ಲಿ ಒಬ್ಬರು ಬರೋರಿದಾರೆ..."

ಅವಳ ಮಾತು ನಿಂತಿತು. ಓಂಕಾರಪ್ಪ ಮೆಟ್ಟಿಲಿಳಿದು ಹೋಗಿ ಅವನ ಎರಡೂ ಭುಜ ಹಿಡಿದುಕೊಂಡಿದ್ದರು.

"ಬಂದ್ಯಾ ವೀರೂ. ಎಷ್ಟು ವರ್ಷ ಆಯ್ತೋ!"

ವಾಲಿಬಾಲ್ ಉರುಳಿಕೊಂಡು ಬಂದು ಮೆಟ್ಟಿಲಿಗೆ ತಾಗಿತು. ಯಾರೂ ಎತ್ತಲಿಲ್ಲ. ಈ ಆಶ್ರಮವೇ ಆಗಬೇಕು ಅಂತ ವೀರಪ್ಪ ಯಾಕೆ ಪಟ್ಟು ಹಿಡಿದಿದ್ದರು ಅಂತ ಪ್ರಿಯದರ್ಶಿನಿಗೆ ಆಗ ತಿಳಿಯಿತು.

"ನಾನು ಇಲ್ಲಿದ್ದೆ ರಶ್ಮಿ." ವೀರೇಂದ್ರ ಹೆಂಡತಿಯ ಎದುರು ಬಂದು ನಿಂತ. "ಮದುವೆಗೆ ಮುಂಚೆ. ಅಪ್ಪನಿಗೆ ಗೊತ್ತು. ನಿಮ್ಮ ಮನೆಯೋರಿಗೆ ಹೇಳ್ಲಿಲ್ಲ. ಇವರೆಲ್ಲ ಒಳ್ಳೇವ್ರು, ನನ್ನ ಜೀವ ಉಳಿಸಿದ್ರು, ಅದನ್ನ ಎಲ್ಲಿ ಬೇಕಾದ್ರೂ ಹೇಳ್ತೀನಿ. ಆದ್ರೆ ಅವನನ್ನ ಇಲ್ಲಿ ಬಿಡಬೇಡ."

"ಒಳ್ಳೇವ್ರು ಅಂತೀರಿ, ಬಿಡಬೇಡ ಅಂತೀರಿ..." ರಶ್ಮಿ ಗಂಡನ ಅಂಗಿಯ ತೋಳು ಜಗ್ಗಿದಳು. "ಯಾಕೆ?"

"ಬ್ಯಾಗಲ್ಲಿ ಸಿಕ್ಕಿದ್ದು ಅವನದಲ್ಲ. ನಂದು. ಎರಡು ವರ್ಷದಿಂದ ಮತ್ತೆ ಶುರುವಾಗಿದೆ. ಅಪ್ಪ ರೂಮಿಗೆ ಬಂದುಬಿಟ್ರು ಅಂತ ಕೈಗೆ ಸಿಕ್ಕಿದ ಬ್ಯಾಗಿಗೆ ಹಾಕಿದ್ದೆ."

ಓಂಕಾರಪ್ಪ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟರು.

"ಸುಳ್ಳು."

ಜ್ಞಾನೇಶ ಬರಿಗಾಲಲ್ಲಿ, ಧೂಳು ಮೆತ್ತಿಕೊಂಡು ನಿಂತಿದ್ದ. ಮುಖದಲ್ಲಿ ತಮಾಷೆಯ ಸುಳಿವೂ ಇರಲಿಲ್ಲ.

"ಸುಳ್ಳು ಹೇಳ್ತಿದಾನೆ ಅಪ್ಪ. ಅದು ನಂದೇ. ನಾನೇ ತಂದಿದ್ದು. ಬೆಳಗ್ಗೆ ಯಾಕೆ, ಈಗ್ಲೇ ಸೇರಿಸ್ಕೊಳ್ಳಿ ನನ್ನನ್ನ."

"ಜ್ಞಾನಿ, ಸುಮ್ನಿರು!"

"ನೀನು ಸುಮ್ನಿರಪ್ಪ! ಮನೆಗೆ ಹೋಗು ನೀನು!"

ಹುಡುಗನ ಕಣ್ಣಲ್ಲಿ ನೀರಿತ್ತು. ಅಪ್ಪನ ಕಣ್ಣಲ್ಲೂ ಇತ್ತು. ಪ್ರಿಯದರ್ಶಿನಿ ಒಬ್ಬನ ಮುಖ ನೋಡಿದಳು, ಇನ್ನೊಬ್ಬನ ಮುಖ ನೋಡಿದಳು. ಎಷ್ಟೋ ಗಂಡುಗಳ ಸುಳ್ಳನ್ನು ಎರಡು ಮಾತಿಗೇ ಹಿಡಿದವಳಿಗೆ, ಇವರಿಬ್ಬರಲ್ಲಿ ಯಾರು ಯಾರನ್ನು ಕಾಪಾಡಲು ಸುಳ್ಳು ಹೇಳುತ್ತಿದ್ದಾರೆ ಅನ್ನುವುದು ತಿಳಿಯಲಿಲ್ಲ.

ರಶ್ಮಿ ಅಳಲಿಲ್ಲ. ಗಂಡನನ್ನು ಒಂದು ಕೈಯಲ್ಲಿ, ಮಗನನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಪ್ರಿಯದರ್ಶಿನಿಯ ಕಡೆ ತಿರುಗಿದಳು.

"ಜಾಗ ಒಳ್ಳೇದು ಅಂತ ಗೊತ್ತಾಯ್ತಲ್ಲ ಪ್ರಿಯಕ್ಕ. ಈಗ ಹೇಳಿ, ಯಾರನ್ನ ಬಿಟ್ಟು ಹೋಗ್ಲಿ ನಾನು ಇಲ್ಲಿ?"